ಎಂಸಿಬಿ ಬಿದ್ದರೆ ಎಂಸಿಬಿಯನ್ನು ಬೈಯಬೇಡಿ

ಗೃಹಜ್ಯೋತಿ ಬಂದ ಮೇಲೆ ನಮ್ಮ ಬೀದಿಯವರಿಗೆಲ್ಲ ಯೂನಿಟ್ ಲೆಕ್ಕ ಬಾಯಿಪಾಠ. ಈ ತಿಂಗಳು ಎಷ್ಟಾಯಿತು, ಸರಾಸರಿ ದಾಟಿತೇ, 200ರ ಗೆರೆಗೆ ಇನ್ನೆಷ್ಟು ಬಾಕಿ ಎಂದು ಮೀಟರ್ ಮುಂದೆ ನಿಂತು ಹೇಳುವ ಅಜ್ಜಿಯರೂ ಇದ್ದಾರೆ. ಸಂತೋಷ. ಆದರೆ ಅದೇ ಮನೆಗಳಲ್ಲಿ, ‘ನಿಮ್ಮ ಬಚ್ಚಲಿನ ಗೀಸರ್‌ಗೆ ಎಳೆದಿರುವ ವೈರ್ ಎಷ್ಟು ದಪ್ಪದ್ದು?’ ಎಂದು ಕೇಳಿ ನೋಡಿ. ಕೇಳಿದವನ ಮುಖವನ್ನೇ ನೋಡುತ್ತಾರೆ. 2 ಕಿಲೋವಾಟಿನ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್, ತಿಂಗಳಿಗೆ 30. ಬಿಲ್ಲಿನಲ್ಲಿ ಅದು ಸಣ್ಣ ಸಂಖ್ಯೆ. ಗೋಡೆಯೊಳಗಿನ ತಂತಿ ಮಾತ್ರ ಆ ಅರ್ಧ ಗಂಟೆ ಸುಮಾರು 8.7 ಆಂಪಿಯರನ್ನು ಹೊರಲೇಬೇಕು. ದುಡ್ಡು ಹೋಗುವುದು ಯೂನಿಟ್ಟಿನ ಲೆಕ್ಕದಲ್ಲಿ, ತಂತಿ ಕಾಯುವುದು ಆಂಪಿಯರಿನ ಲೆಕ್ಕದಲ್ಲಿ. ಎರಡನೆಯದು ಯಾವ ಬಿಲ್ಲಿನಲ್ಲೂ ಅಚ್ಚಾಗಿ ಬರುವುದಿಲ್ಲ.

ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಶಿವಮೊಗ್ಗದಲ್ಲಿ ನನ್ನ ಶಿಷ್ಯರು ಕೈಯಾಡಿಸದ ಬಡಾವಣೆ ಇರಲಿಕ್ಕಿಲ್ಲ. ಹೀಗಾಗಿ ಯಾರ ಮನೆಯಲ್ಲಿ ಕರೆಂಟಿನ ತಕರಾರು ಬಂದರೂ ‘ಮೇಷ್ಟ್ರೇ, ಒಂದ್ಸಲ ಬಂದು ನೋಡ್ತೀರಾ’ ಎಂಬ ಫೋನ್ ನನಗೇ ಬರುತ್ತದೆ. ಅದರಲ್ಲಿ ಬಹುಪಾಲು ದೂರು ಒಂದೇ: ‘ಎಂಸಿಬಿ ಸರಿ ಇಲ್ಲ, ಬೀಳ್ತಾನೇ ಇರುತ್ತೆ.’ ಹೋಗಿ ನೋಡಿದರೆ ಎಂಸಿಬಿ ಸರಿಯಾಗಿಯೇ ಇರುತ್ತದೆ. ಸರಿ ಇರುವುದರಿಂದಲೇ ಬೀಳುತ್ತಿರುತ್ತದೆ.

ಇತ್ತೀಚೆಗೆ ನೋಡಿದ ಒಂದು ಮನೆಯ ವಿಷಯ ಹೇಳುತ್ತೇನೆ. ಕೆಳಮನೆ ಹಳೆಯದು, ಮೇಲೆ ಆಮೇಲೆ ಕಟ್ಟಿದ ಎರಡು ಕೋಣೆ, ಒಂದು ಬಚ್ಚಲು. ಬಚ್ಚಲಿಗೆ 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ ಬಂತು. ಪಕ್ಕದ ಯುಟಿಲಿಟಿಗೆ ನೀರು ತಾನೇ ಕಾಯಿಸಿಕೊಳ್ಳುವ ವಾಷಿಂಗ್ ಮೆಷಿನ್ ಬಂತು. ಅದರ ಹೀಟರ್ 2 ಕಿಲೋವಾಟ್. ಎರಡಕ್ಕೂ ಲೈನ್ ಬಂದದ್ದು ಹತ್ತಿರದ ಸ್ವಿಚ್ ಬೋರ್ಡಿನಿಂದ. ಆ ಬೋರ್ಡಿಗೆ ಬಂದಿದ್ದದ್ದು ಲೈಟು, ಫ್ಯಾನಿಗೆಂದು ಎಳೆದ 1 ಚದರ ಮಿಲಿಮೀಟರಿನ ವೈರ್, ಅದಕ್ಕೆ ತಕ್ಕ 10 ಆಂಪಿಯರಿನ ಎಂಸಿಬಿ. ಗೀಸರ್ ಒಂದೇ ಇದ್ದಾಗ ಹೇಗೋ ತಡೆದುಕೊಳ್ಳುತ್ತಿತ್ತು. ಬಿಸಿನೀರಿನ ಒಗೆತವನ್ನೂ ಹಾಕಿದ ದಿನ ಒಂದೆರಡು ನಿಮಿಷಕ್ಕೆ ಬೀಳುತ್ತಿತ್ತು. ಯಾರೋ ಹುಡುಗನನ್ನು ಕರೆಸಿದರು. ಅವನು 10ರ ಎಂಸಿಬಿ ಕಿತ್ತು 32ರದ್ದು ಕೂರಿಸಿ ಹೋದ. ‘ಮೇಷ್ಟ್ರೇ, ಒಂದೇ ನಿಮಿಷದಲ್ಲಿ ಸರಿ ಮಾಡಿದ, ಚುರುಕಿನ ಹುಡುಗ’ ಎಂದರು ಯಜಮಾನರು. ನನ್ನನ್ನು ಕರೆದದ್ದು ಬೇರೆ ಕಾರಣಕ್ಕೆ. ಮೆಟ್ಟಿಲ ಬಳಿಯ ಗೋಡೆಯಲ್ಲಿ ಒಂದು ಉದ್ದನೆಯ ಗೆರೆಯಲ್ಲಿ ಬಣ್ಣ ಮಾಸುತ್ತಿತ್ತು. ಅವರು ಅದನ್ನು ಮಳೆಗಾಲದ ತೇವ ಎಂದುಕೊಂಡಿದ್ದರು.

ಲೆಕ್ಕ ಹಾಕೋಣ. ಎರಡೂ ಒಟ್ಟಿಗೆ ಓಡಿದರೆ 5,000 ವಾಟ್, ಅಂದರೆ 230 ವೋಲ್ಟಿನಲ್ಲಿ 21ರಿಂದ 22 ಆಂಪಿಯರ್. ಡಿಬಿಯಿಂದ, ಅಂದರೆ ಎಂಸಿಬಿಗಳೆಲ್ಲ ಕೂತಿರುವ ಡಬ್ಬಿಯಿಂದ, ಬಚ್ಚಲಿಗೆ 15 ಮೀಟರ್ ಎಂದಿಟ್ಟುಕೊಂಡರೂ ಹೋಗಿ ಬರುವ ತಂತಿ 30 ಮೀಟರ್. 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಅಷ್ಟುದ್ದಕ್ಕೆ ರೋಧ ಅರ್ಧ ಓಮ್‌ಗಿಂತ ತುಸು ಹೆಚ್ಚು. ಗೀಸರ್ ಒಂದೇ ಇದ್ದಾಗಲೂ ಆ ತಂತಿಯಲ್ಲೇ ಹತ್ತಿರ ಹತ್ತಿರ 100 ವಾಟ್ ಶಾಖವಾಗಿ ಹೋಗುತ್ತದೆ. ಎರಡೂ ಓಡಿದರೆ 275 ವಾಟ್. ಕರೆಂಟು ಇಮ್ಮಡಿಯಾದರೆ ಶಾಖ ಇಮ್ಮಡಿಯಲ್ಲ, ನಾಲ್ಮಡಿ. ಈ ಒಂದು ಸೂತ್ರವನ್ನು ನನ್ನ ಹುಡುಗರು ಪರೀಕ್ಷೆಗೆ ಬರೆದು ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಿದ್ದರು. ಗಾಳಿಯಾಡದ ಪೈಪಿನಲ್ಲಿ, ಸಿಮೆಂಟಿನ ಹಿಂದೆ, ಇನ್ನೂ ನಾಲ್ಕು ವೈರುಗಳ ಜೊತೆ ಒತ್ತಿಕೊಂಡಿರುವ ತಂತಿಗೆ ಆ ಶಾಖ ಬಿಟ್ಟುಕೊಡಲು ಜಾಗವೆಲ್ಲಿ? ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿಯವರೆಗೆ. ಅದರ ಮೇಲೆ ದಿನಾ ಬೆಂದರೆ ಒಣಗಿ ಬಿರುಸಾಗುತ್ತದೆ. ಆ ಮನೆಯ ಹಳೆಯ ವೈರನ್ನು ಎಳೆದು ತೆಗೆದಾಗ, ಬಗ್ಗಿಸಿದ ಕಡೆಯೆಲ್ಲ ಹೊದಿಕೆ ಚೂರುಚೂರಾಗಿ ಕೈಗೆ ಬಂತು.

ಹೊಸ 32ರ ಎಂಸಿಬಿ ಇದನ್ನೆಲ್ಲ ನೋಡಿಯೂ ಯಾಕೆ ಸುಮ್ಮನಿತ್ತು? ಅದರ ಪಾಲಿಗೆ ತಪ್ಪೇನೂ ನಡೆದೇ ಇರಲಿಲ್ಲ. ಎಂಸಿಬಿಯ ಒಳಗೆ ಎರಡು ಕಾವಲುಗಳಿವೆ. ಒಂದು, ಎರಡು ಲೋಹ ಬೆಸೆದ ಪಟ್ಟಿ; ಹೆಚ್ಚು ಕರೆಂಟು ಹರಿದರೆ ಮೆಲ್ಲಗೆ ಕಾದು ಬಾಗಿ ಕೊಕ್ಕೆ ಬಿಡಿಸುತ್ತದೆ. ಇನ್ನೊಂದು ಸುರುಳಿ, ಶಾರ್ಟ್ ಆದಾಗ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ಮೊದಲನೆಯದು ಅವಸರದ್ದಲ್ಲ. ಮಾನಕದ ಪ್ರಕಾರ, ಮೇಲೆ ಬರೆದ ಆಂಪಿಯರಿನ 1.13 ಪಟ್ಟು ಹರಿದರೂ ಅದು ಒಂದು ಗಂಟೆ ಬೀಳಕೂಡದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಹಾಗಾದರೆ 32ರ ಎಂಸಿಬಿ 36 ಆಂಪಿಯರನ್ನು ಒಂದು ಗಂಟೆ ಹೊತ್ತು ನಿಂತಿದ್ದರೂ ಅದು ಒಳ್ಳೆಯ ಎಂಸಿಬಿಯೇ. 46 ದಾಟಿದ ಮೇಲಷ್ಟೇ ಗಂಟೆಯೊಳಗೆ ಬೀಳುವ ಖಾತರಿ. ಆ 1 ಚದರ ಮಿ.ಮೀ. ವೈರು ಅಷ್ಟರಲ್ಲಿ ಏನಾಗಿರುತ್ತಿತ್ತೋ.

ಮನೆಯವರಿಗೆ ಎಷ್ಟು ಸಲ ಹೇಳಿದರೂ ಒಪ್ಪಿಗೆಯಾಗದ ಮಾತೊಂದಿದೆ. ಎಂಸಿಬಿ ಇರುವುದು ಗೀಸರನ್ನು ಕಾಯಲಿಕ್ಕಲ್ಲ, ಎಸಿಯನ್ನು ಕಾಯಲಿಕ್ಕಲ್ಲ, ನಿಮ್ಮನ್ನು ಕಾಯಲಿಕ್ಕಂತೂ ಅಲ್ಲ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಆದ್ದರಿಂದ ಎಂಸಿಬಿಯ ಅಂಕಿ ತಂತಿಯ ದಪ್ಪ ನೋಡಿ ನಿರ್ಧಾರವಾಗಬೇಕೇ ಹೊರತು ತಂದ ಸಾಮಾನನ್ನು ನೋಡಿ ಅಲ್ಲ. ದೊಡ್ಡ ಸಾಮಾನು ಬಂದರೆ ಮೊದಲು ವೈರ್, ಆಮೇಲೆ ಎಂಸಿಬಿ. ಬೀಳುವ ರೀತಿಯಲ್ಲೇ ಕಾಯಿಲೆ ಗೊತ್ತಾಗುತ್ತದೆ. ಸ್ವಿಚ್ ಹಾಕಿದ ಕ್ಷಣವೇ ಟಪ್ ಎಂದು ಬಿದ್ದರೆ ಎಲ್ಲೋ ಶಾರ್ಟ್ ಇದೆ. ಹತ್ತಿಪ್ಪತ್ತು ನಿಮಿಷ ಓಡಿ ಬಿದ್ದರೆ, ಮುಟ್ಟಿದಾಗ ಬೆಚ್ಚಗಿದ್ದರೆ, ಒಡನೆಯೇ ಮೇಲೆತ್ತಿದರೂ ನಿಲ್ಲದಿದ್ದರೆ, ಅದು ಲೋಡ್ ಹೆಚ್ಚಾದ ಲಕ್ಷಣ.

ಬೀಳದಂತೆ ಕಾವಲನ್ನೇ ದಪ್ಪ ಮಾಡುವ ಕೆಲಸವನ್ನು ನಾವು ಹಿಂದೆಯೂ ಮಾಡುತ್ತಿದ್ದೆವು. ಪಿಂಗಾಣಿಯ ಫ್ಯೂಸು ಪದೇ ಪದೇ ಹೋದರೆ ಫ್ಯೂಸ್ ವೈರಿನ ಬದಲು ಹಳೆಯ ವೈರಿನ ನಾಲ್ಕೆಳೆ ತಾಮ್ರ ಸುತ್ತುವುದು ಗಂಡಸರ ಮನೆವಿದ್ಯೆಯಾಗಿತ್ತು. ಆದರೆ ಆಗ ಆ ತಂತಿಗಳ ಮೇಲೆ ಇದ್ದದ್ದಾದರೂ ಏನು? ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ, ವಾರಕ್ಕೊಮ್ಮೆ ಇಸ್ತ್ರಿ. ನೀರು ಕಾಯುತ್ತಿದ್ದದ್ದು ಹಂಡೆಯಲ್ಲಿ, ಅಡಿಕೆ ಹಾಳೆ, ತೆಂಗಿನ ಗರಿಯ ಉರಿಗೆ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದಿದ್ದ ‘ಒನ್-ಎಯ್ಟೀನ್’ ಒಂಟಿ ತಂತಿಯನ್ನು ನಾನೇ ಎಷ್ಟೋ ಕಡೆ ಕಿತ್ತಿದ್ದೇನೆ. ಕೆಲವು ಮನೆಗಳಲ್ಲಿ ಅಲ್ಯೂಮಿನಿಯಂ. ಆ ಕಾಲದ ಲೋಡಿಗೆ ಅವು ಸಾಕಾಗಿದ್ದವು. ಭಾಗ್ಯಜ್ಯೋತಿಯಲ್ಲಿ ಒಂದು ಬಲ್ಬಿಗೆಂದು ಕರೆಂಟು ಕಂಡ ಮನೆಗಳಲ್ಲೂ ಈಗ ಮಿಕ್ಸಿ, ಫ್ರಿಜ್, ಇಂಡಕ್ಷನ್ ಒಲೆ ಇವೆ, ಇರಬೇಕಾದ್ದೇ. ಇಂಡಕ್ಷನ್ 2,000 ವಾಟ್, ಕೆಟಲ್ 1,500, ಏರ್ ಫ್ರೈಯರ್ ಸುಮಾರು ಅಷ್ಟೇ, ಮೈಕ್ರೋವೇವ್ ಅದರ ಆಸುಪಾಸು. ಅಡುಗೆಮನೆಯ ಕಟ್ಟೆಯ ಮೇಲೆ ಬೆಳಿಗ್ಗೆ ಏಳೂವರೆಗೆ ಇವುಗಳಲ್ಲಿ ಯಾವ ಎರಡು ಒಟ್ಟಿಗೆ ಓಡಿದರೂ 13ರಿಂದ 15 ಆಂಪಿಯರಿನ ಮಾತು.

ಪ್ಲಗ್ಗಿನ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. 6 ಆಂಪಿಯರಿನದು ಸಣ್ಣ ಪಿನ್ನು, 16ರದ್ದು ದಪ್ಪ ಪಿನ್ನು. ದೊಡ್ಡ ಸಾಮಾನು ಸಣ್ಣ ಪಾಯಿಂಟಿಗೆ ಹೋಗಲೇಬಾರದು ಎಂದೇ ಮಾಡಿರುವ ಏರ್ಪಾಡು ಅದು. ಅದನ್ನು ಮುರಿಯುವ ಕನ್ವರ್ಟರ್ ಪ್ಲಗ್ಗನ್ನು ಎಲ್ಲ ಅಂಗಡಿಗಳಲ್ಲೂ ನೇತುಹಾಕಿ ಮಾರುತ್ತಾರೆ. ದಪ್ಪ ಪಿನ್ನಿನ ಇಸ್ತ್ರಿಪೆಟ್ಟಿಗೆ, ಗೀಸರ್, ಒಲೆ ಎಲ್ಲವೂ ಅದರ ಮೂಲಕ ಸಣ್ಣ ತೂತಿಗೆ ಇಳಿಯುತ್ತವೆ. ಒಳಗಿನ ಹಿತ್ತಾಳೆಯ ಹಿಡಿ ಸಡಿಲವಾಗುತ್ತದೆ, ಸಡಿಲವಾದ ಕಡೆ ಬಿಸಿ ಹುಟ್ಟುತ್ತದೆ, ಬಿಸಿಗೆ ಅದು ಇನ್ನಷ್ಟು ಸಡಿಲವಾಗುತ್ತದೆ. ಪ್ಲಗ್ಗಿನ ತೂತಿನ ಸುತ್ತ ಕಂದು ಕಲೆ ಕಂಡರೆ, ಸುಟ್ಟ ಮೀನಿನಂಥ ವಾಸನೆ ಬಂದರೆ ಅದೇ ಕಥೆ. ಇಲ್ಲಿ ಎಂಸಿಬಿಯಿಂದ ಏನೂ ಉಪಯೋಗವಿಲ್ಲ. ಹರಿಯುತ್ತಿರುವ ಕರೆಂಟು ಸರಿಯಾಗಿಯೇ ಇರುತ್ತದಲ್ಲ, ಸಡಿಲ ಸ್ಕ್ರೂ ಅದಕ್ಕೆ ಕಾಣುವುದಿಲ್ಲ.

ಇದರ ಮೇಲೆ ಈಗ ಕಾರುಗಳೂ ಬಂದಿವೆ. ಗೀಸರ್ ಎಷ್ಟು ತಿಂದರೂ ಅರ್ಧ ಗಂಟೆಗೆ ಥರ್ಮೋಸ್ಟಾಟ್ ಬಿಡಿಸುತ್ತದೆ, ತಂತಿ ಆರುತ್ತದೆ. ಎಲೆಕ್ಟ್ರಿಕ್ ಕಾರಿನ 3.3 ಕಿಲೋವಾಟ್ ಚಾರ್ಜರ್ 16 ಆಂಪಿಯರಿನ ಪಾಯಿಂಟಿನಿಂದ 14-15 ಆಂಪಿಯರನ್ನು ರಾತ್ರಿ ಎಂಟು ಗಂಟೆ ಬಿಡದೆ ಎಳೆಯುತ್ತದೆ. ಎಲ್ಲರೂ ಮಲಗಿರುವಾಗ, ಪೋರ್ಟಿಕೋದ ಮೂಲೆಯಲ್ಲಿ. ಆ ಪಾಯಿಂಟನ್ನು ಮನೆ ಕಟ್ಟಿದಾಗ ಹಾಕಿಸಿದ್ದು ಗಾಡಿ ತೊಳೆಯುವ ಪಂಪಿಗೆ. ಗೋಡೆಗೆ ಕೂರಿಸುವ 7 ಕಿಲೋವಾಟಿನ ಚಾರ್ಜರ್ ಆದರೆ 30 ಆಂಪಿಯರ್ ಮೀರುತ್ತದೆ. ಅದಕ್ಕೆ ಮೀಟರಿನಿಂದ ನೇರ 6 ಚದರ ಮಿ.ಮೀ. ಅಥವಾ ಮೇಲಿನ ವೈರ್, ಅದರದೇ ಎಂಸಿಬಿ, ಅದರದೇ ಸೋರಿಕೆ ರಕ್ಷಣೆ ಬೇಕು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಸೋರಿಕೆ ಎಂದೆ. ಶಾಕ್ ಹೊಡೆದು ಸಾವಾದ ಸುದ್ದಿ ಬಂದಾಗಲೆಲ್ಲ ‘ಎಂಸಿಬಿ ಇತ್ತಂತೆ, ಬೀಳಲಿಲ್ಲವಂತೆ’ ಎಂದು ಜನ ಅಚ್ಚರಿಪಡುತ್ತಾರೆ. ಮನುಷ್ಯನ ಎದೆಬಡಿತವನ್ನು ನಿಲ್ಲಿಸಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಕಾಗದು. 16ರ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಇನ್ನೊಂದು ತೊಡಕಿದೆ. ಮನೆ ಕಟ್ಟಿದಾಗ ಉಪ್ಪು, ಇದ್ದಿಲು ತುಂಬಿ ಹೂತ ಅರ್ತಿಂಗ್ ಪೈಪಿಗೆ ಆಮೇಲೆ ಯಾರೂ ಒಂದು ಕೊಡ ನೀರು ಹೊಯ್ಯುವುದಿಲ್ಲ. ಬೇಸಿಗೆಯಲ್ಲಿ ಅದರ ರೋಧ 20 ಓಮ್ ಮುಟ್ಟಿತು ಎನ್ನಿ. ಗೀಸರಿನ ಕಾಯಿಲ್ ಒಡೆದು ಅದರ ಮೈಗೆ ಫೇಸ್ ತಾಗಿದರೆ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16ರ ಎಂಸಿಬಿ ಬೀಳುವುದೇ ಇಲ್ಲ. ಗೀಸರಿನ ಮೈ, ಅದಕ್ಕೆ ಸೇರಿದ ಲೋಹದ ನಲ್ಲಿ ಕರೆಂಟು ಹೊತ್ತುಕೊಂಡೇ ಇರುತ್ತವೆ. ಒದ್ದೆ ಕಾಲಿನಲ್ಲಿ ನಿಂತವರು ನಲ್ಲಿ ತಿರುಗಿಸುತ್ತಾರೆ.

ಇದನ್ನು ಹಿಡಿಯುವುದು ಆರ್‌ಸಿಸಿಬಿ ಒಂದೇ. ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ತೂಗುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್ ಕಾಣೆಯಾದರೆ ಲೈನ್ ಕತ್ತರಿಸುತ್ತದೆ. ಒಂದು ಮಿತಿ ಮೀರಿದ ಲೋಡಿನ ಮನೆಗಳಿಗೆ ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳಲ್ಲೇ ಇದೆ. ಹಾಕಿಸಿದವರ ಮನೆಯಲ್ಲೂ ನಾನು ಕಂಡದ್ದೇನು? ಮಳೆಗಾಲದಲ್ಲಿ ತೇವಕ್ಕೆ ಪದೇ ಪದೇ ಬೀಳುತ್ತದೆಂದು ಅದರ ಎರಡೂ ಬದಿಗೆ ತುಂಡು ವೈರ್ ಕೊಟ್ಟು ದಾಟಿಸಿರುತ್ತಾರೆ. ಡಬ್ಬಿ ಅಲ್ಲೇ ಇರುತ್ತದೆ, ಕೆಲಸಕ್ಕಿಲ್ಲ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿದರೆ ಬೀಳಬೇಕು. ಒತ್ತಿ ನೋಡಿದವರನ್ನು ನಾನು ಕಂಡದ್ದು ಅಪರೂಪ.

ಇದೆಲ್ಲ ವೈರ್‌ಮನ್‌ಗಳ ತಪ್ಪು ಎಂದು ಹೇಳಿಬಿಡುವುದು ಸುಲಭ. ನನ್ನ ಶಿಷ್ಯನೊಬ್ಬನನ್ನು ನಾನೂ ಹಾಗೆ ಗದರಿಸಿದೆ. ಅವನು ಹೇಳಿದ: ‘ಸಾರ್, ಗೀಸರ್‌ಗೆ ಡಿಬಿಯಿಂದ ಬೇರೆ ಲೈನ್ ಬೇಕು, ನಾಲ್ಕರ ವೈರ್ ಬೇಕು ಅಂತೀನಿ. ಓನರ್ ಇನ್ನೊಬ್ಬನ್ನ ಕರೀತಾರೆ. ಅವನು ಪಕ್ಕದ ಬೋರ್ಡಿಂದ ಲೂಪ್ ಹಾಕಿ ಹೋಗ್ತಾನೆ. ಪಾಯಿಂಟ್ ಲೆಕ್ಕದಲ್ಲಿ ಇಬ್ರಿಗೂ ಒಂದೇ ಕೂಲಿ.’ ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಾಯಿಂಟಿಗೆ ಇಷ್ಟು, ಚದರ ಅಡಿಗೆ ಇಷ್ಟು ಎಂದು ಕೂಲಿ ಕಟ್ಟಿದ ಮೇಲೆ, ಗೋಡೆಯೊಳಗೆ ಕಾಣದಂತೆ ಹೋಗುವ ವೈರಿಗೆ ಯಾರು ಹೆಚ್ಚು ಬೆವರು ಸುರಿಸುತ್ತಾರೆ? ಸಾಮಾನು ತರುವುದು ಮನೆಯ ಯಜಮಾನ. ಅಂಗಡಿಯಲ್ಲಿ ‘ಎಫ್‌ಆರ್ ವೈರ್ ಕೊಡಿ, ಸುಡಬಾರದು’ ಎನ್ನುತ್ತಾನೆ. ಎಫ್‌ಆರ್ ಎಂದರೆ ಉರಿ ಸುಲಭವಾಗಿ ಹಬ್ಬದು ಎಂದಷ್ಟೇ. ಹೆಚ್ಚು ಕರೆಂಟು ಹೊರುತ್ತದೆ ಎಂದಲ್ಲ. ಗೇಟಿಗೆ ಸ್ಟೀಲಿನ ಹೂಬಳ್ಳಿ ಬೇಕು, ಪೂಜಾ ಕೋಣೆಗೆ ಸಾಗುವಾನಿ ಕೆತ್ತನೆ ಬೇಕು, ವೈರ್ ಮಾತ್ರ ಒಂದೂವರೆಯದೇ ಸಾಕು. ಬಂದವರಿಗೆ ಕಾಣದ್ದಕ್ಕೆ ದುಡ್ಡು ಹಾಕುವ ಅಭ್ಯಾಸ ನಮಗಿಲ್ಲ.

ಸಾಮಾನು ಮಾರುವವರ ಪಾಲೂ ಇದೆ. ಎಸಿಯನ್ನೋ ಗೀಸರನ್ನೋ ಕೂರಿಸಲು ಬರುವವನು ಗೋಡೆಯಲ್ಲಿ ದಪ್ಪ ತೂತಿನ ಪಾಯಿಂಟ್ ಇದೆಯೇ ಎಂದು ನೋಡುತ್ತಾನೆ. ಅದರ ಹಿಂದೆ ಏನಿದೆ ಎಂದು ಬಿಚ್ಚಿ ನೋಡುವುದಿಲ್ಲ. ಎರಡು ಸ್ಕ್ರೂ ಬಿಚ್ಚುವ ಕೆಲಸ ಅದು. ವಾರಂಟಿ ಕಾರ್ಡಿಗೆ ಸಹಿ ಹಾಕಿಸಿಕೊಳ್ಳುವಷ್ಟು ಹೊತ್ತೂ ಹಿಡಿಯದು.

ಸರ್ಕಾರದ ವ್ಯವಸ್ಥೆ ಏನು ಹೇಳುತ್ತದೆ? ಹೊಸ ಸಂಪರ್ಕಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರು ವೈರಿಂಗ್ ನಕ್ಷೆ, ಕಾಮಗಾರಿ ಮುಗಿದ ವರದಿ ಕೊಡಬೇಕು. ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಕಾಗದದಲ್ಲಿ ಏರ್ಪಾಡು ಚೆನ್ನಾಗಿದೆ. ನಡೆಯುವುದೇನೆಂದರೆ, ಕೆಲಸ ಮಾಡಿದವನು ಒಬ್ಬ, ಸಹಿ ಹಾಕಿದವನು ಇನ್ನೊಬ್ಬ. ಸಹಿ ಹಾಕಿದವನು ಆ ಮನೆಯ ಬಾಗಿಲನ್ನೂ ಕಂಡಿರುವುದಿಲ್ಲ. ಅದಾದ ಮೇಲೆ ಆ ಮನೆಯ ವೈರಿಂಗಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮೇಲೆ ಮಹಡಿ ಏಳುತ್ತದೆ, ಬಾಡಿಗೆಗೆ ಎರಡು ಮನೆಗಳಾಗುತ್ತವೆ, ಕೆಳಗಿನ ಡಿಬಿಯಿಂದಲೇ ಒಂದು ವೈರ್ ಮೇಲಕ್ಕೆ ಹೋಗುತ್ತದೆ. ಬಾಡಿಗೆದಾರ ಎಸಿ ಹಾಕಿಸಿಕೊಳ್ಳುತ್ತಾನೆ. ಮಂಜೂರಾದ ಲೋಡ್ ಮೀರಿದರೆ ಲೋಡ್ ಹೆಚ್ಚಿಸಿಕೊಳ್ಳಿ ಎಂದು ನೋಟಿಸ್ ಬರುತ್ತದೆ. ಜನ ತಪ್ಪಿಸಿಕೊಳ್ಳಲು ನೋಡುತ್ತಾರೆ. ನಿಗದಿತ ಶುಲ್ಕ ಕಿಲೋವಾಟಿಗೆ ಇಷ್ಟು ಎಂದು ಪ್ರತಿ ತಿಂಗಳು ಬೀಳುತ್ತದಲ್ಲ. ಕಟ್ಟಿದವರ ಮನೆಯಲ್ಲೂ ಬದಲಾಗುವುದು ಕಡತದೊಳಗಿನ ಅಂಕಿ ಮಾತ್ರ. 2 ಕಿಲೋವಾಟ್ ಇದ್ದದ್ದು 5 ಆಯಿತು, ದುಡ್ಡು ಜಮೆಯಾಯಿತು, ಗೋಡೆಯೊಳಗಿನದು ಅದೇ ಹಳೆಯ ವೈರ್.

ನನ್ನ ಬೇಡಿಕೆ ಇರುವುದು ಈ ಒಂದು ಜಾಗದಲ್ಲಿ. ಲೋಡ್ ಹೆಚ್ಚಿಸುವ ಅರ್ಜಿ ಬಂದಾಗ, ಆ ಮನೆಯ ವೈರಿಂಗನ್ನು ನೋಡದೆ ಮಂಜೂರು ಮಾಡಬಾರದು. ನೋಡುವುದೆಂದರೆ ಗೋಡೆ ಒಡೆಯುವುದಲ್ಲ. ಡಿಬಿಯ ಮುಚ್ಚಳ ತೆಗೆದರೆ ಯಾವ ಎಂಸಿಬಿಯ ಬುಡದಿಂದ ಎಷ್ಟು ದಪ್ಪದ ವೈರ್ ಹೊರಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೆಗ್ಗರ್ ಹಚ್ಚಿದರೆ ಹೊದಿಕೆಯ ಗತಿ ತಿಳಿಯುತ್ತದೆ. ಅರ್ತ್ ರೋಧ ಅಳೆಯಲು ಮೀಟರ್ ಇದೆ. ಆರ್‌ಸಿಸಿಬಿಯ ಗುಂಡಿ ಒತ್ತಬಹುದು. ಇದಕ್ಕೆ ಹಿಡಿಯುವುದು ಹೆಚ್ಚೆಂದರೆ ಒಂದು ಗಂಟೆ. ಐಟಿಐ ಮುಗಿಸಿ ವೈರ್‌ಮನ್ ಪರ್ಮಿಟ್ ಪಡೆದ ಹುಡುಗರು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ಅವರ ಸಹಿಗೆ ಬೆಲೆ ಬರಲಿ, ಹೊಣೆಯೂ ಬರಲಿ.

‘ಇದು ಇನ್ನೊಂದು ಲಂಚದ ಕಿಟಕಿ ಆಗುತ್ತದೆ’ ಎಂದು ನನ್ನ ಮಗಳೇ ಹೇಳಿದಳು. ಅವಳ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಅದಕ್ಕೇ ನಾನು ಹೇಳುವುದು, ವರದಿ ಕಚೇರಿಯ ಕಡತಕ್ಕೆ ಹೋಗುವುದಕ್ಕಿಂತ ಮೊದಲು ಮನೆಯಲ್ಲಿ ಉಳಿಯಬೇಕು. ಡಿಬಿಯ ಮುಚ್ಚಳದ ಒಳಬದಿಗೆ ಒಂದು ಹಾಳೆ: ಯಾವ ಎಂಸಿಬಿ, ಎಷ್ಟು ಆಂಪಿಯರ್, ಎಷ್ಟರ ವೈರ್, ಎಲ್ಲಿಗೆ ಹೋಗುತ್ತದೆ, ಅರ್ತ್ ಎಷ್ಟು ಓಮ್, ನೋಡಿದವರ ಪರ್ಮಿಟ್ ನಂಬರ್, ತಾರೀಖು. ಅದು ಕನ್ನಡದಲ್ಲಿರಬೇಕು. ಬಾಡಿಗೆಗೆ ಬರುವವರು ಮುಂಗಡ ಕೊಡುವ ಮೊದಲು ಆ ಹಾಳೆ ಓದಲಿ. ನಾಳೆ ‘32ರದ್ದು ಹಾಕಿಬಿಡ್ತೀನಿ’ ಎಂದು ಬರುವ ಹುಡುಗನಿಗೂ ಅದು ಕಣ್ಣಿಗೆ ಬೀಳಲಿ.

ಆ ಮೆಟ್ಟಿಲ ಗೋಡೆಯ ಮನೆಗೆ ಕೊನೆಗೆ ಏನು ಮಾಡಿದೆವು ಎಂದು ಕೇಳುವವರಿಗಾಗಿ: ಡಿಬಿಯಿಂದ ಗೀಸರ್‌ಗೆ ನೇರ 4 ಚದರ ಮಿ.ಮೀ. ವೈರು, 20ರ ಡಬಲ್ ಪೋಲ್ ಎಂಸಿಬಿ. ವಾಷಿಂಗ್ ಮೆಷಿನ್‌ಗೆ ಬೇರೆ 2.5ರ ವೈರು, 16ರ ಎಂಸಿಬಿ. ಎರಡಕ್ಕೂ ಮುಂದೆ ಒಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. 4ರ ವೈರಿನಲ್ಲಿ ಗೀಸರ್ ಓಡುವಾಗ ಶಾಖವಾಗಿ ಹೋಗುವುದು 25 ವಾಟಿನ ಆಸುಪಾಸು, ಮೊದಲಿದ್ದುದರ ಕಾಲು ಭಾಗ. ಟೈಲ್ಸ್ ಒಡೆಯಲು ಮನೆಯಾಕೆ ಒಪ್ಪಲಿಲ್ಲ, ಕೋಣೆಯೊಳಗೆ ಕೇಸಿಂಗ್ ಪಟ್ಟಿ ಹೊಡೆದರೆ ಅಂದ ಕೆಡುತ್ತದೆ ಎಂದರು. ಹಿಂಬದಿಯ ಹೊರಗೋಡೆಯ ಮೇಲೆ ಪೈಪ್ ಹೊಡೆದು, ಬಾಲ್ಕನಿಯ ಕೆಳಗಿಂದ ತಂದೆವು. ಅರ್ಧ ದಿನದ ಕೆಲಸ. 10ರ ಎಂಸಿಬಿಯನ್ನು ಲೈಟು ಫ್ಯಾನಿಗೆ ವಾಪಸು ಕೂರಿಸಿದೆವು. ಹುಡುಗ ಅದನ್ನು ಡಿಬಿಯ ಮೇಲೆಯೇ ಇಟ್ಟು ಹೋಗಿದ್ದ.